ಕೊನೆಯ ಅಧ್ಯಾಯದ ಕಾಲರು

ಒಳ್ಳೆಯ ಪುಸ್ತಕ ಬದುಕನ್ನೇ ಬದಲಾಯಿಸಿಬಿಡುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬದಲಾಯಿಸುತ್ತದೆ, ಯಾರು ಇಲ್ಲವೆಂದರು? ನನ್ನ ಚಿಕ್ಕಮ್ಮನ ಎಡಗೈ ನೋಡಿ. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

ಚಿಕ್ಕಮ್ಮ ಬಟ್ಟೆ ಹೊಲಿಯುತ್ತಾಳೆ. ಗಡಿಯಾರ ರಿಪೇರಿಯವನ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಅವಳದು. ಒಂದು ಹೊಲಿಗೆ ಮಿಷನ್ನು, ಒಂದು ಇಸ್ತ್ರಿ ಮೇಜು, ಒಂದು ಸ್ಟೂಲು, ಅಷ್ಟಕ್ಕೆ ಜಾಗ ಮುಗಿಯಿತು. ಗಿರಾಕಿ ಒಳಗೆ ಬಂದರೆ ಚಿಕ್ಕಮ್ಮ ಹೊಟ್ಟೆ ಒಳಗೆಳೆದುಕೊಂಡು ಕೂರಬೇಕು. ಬೀದಿಯವರು ಅವಳನ್ನು ಕತ್ತರಿ ಎನ್ನುತ್ತಾರೆ. ಕೈಯಲ್ಲಿರುವುದಕ್ಕೋ ಬಾಯಲ್ಲಿರುವುದಕ್ಕೋ, ಕೇಳುವ ಧೈರ್ಯ ಯಾರಿಗೂ ಇಲ್ಲ. ಸೊಂಟ ಬಿಗಿಯಾಯಿತೆಂದು ದೂರು ತಂದವರಿಗೆ "ಬಟ್ಟೆ ಕುಗ್ಗಿಲ್ಲ, ನೀವು ಹಿಗ್ಗಿದ್ದೀರಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ. ಆಮೇಲೆ ಹೊಲಿಗೆ ಬಿಚ್ಚಿ ಸಡಿಲ ಮಾಡಿ ಕೊಡುತ್ತಾಳೆ.

ಇಂಥವಳು ಮದುವೆಯಾದ ಹೊಸದರಲ್ಲಿ ಗಂಡನ ಏಟು ತಾಳಲಾರದೆ ನಮ್ಮ ಮನೆಗೆ ಬಂದಿದ್ದಳಂತೆ. ಆಗ ಅವಳ ಅಕ್ಕ, ಅಂದರೆ ನನ್ನ ಅಮ್ಮ, ತನಗೆ ಪ್ರಾಣವಾಗಿದ್ದ ಕಾದಂಬರಿಯೊಂದನ್ನು ಅವಳ ಕೈಗಿಟ್ಟಳು. ಅದರಲ್ಲೊಬ್ಬಳು ಹೆಂಡತಿ. ಗಂಡ ಹೊಡೆಯುತ್ತಾನೆ, ಬಡಿಯುತ್ತಾನೆ. ಒಂದು ದಿನ ಅವಳು ಚಿಲಕ ತೆಗೆದು ಬೀದಿಗಿಳಿಯುತ್ತಾಳೆ. ಅಲ್ಲಿಗೇ ನಿಲ್ಲಿಸಬಾರದಿತ್ತೇ ಅದನ್ನು ಬರೆದ ಮಹಾನುಭಾವ? ಇಲ್ಲ. ಕೊನೆಯ ಅಧ್ಯಾಯದಲ್ಲಿ ಅವಳನ್ನು ವಾಪಸು ಕರೆತಂದು, ಅವಳಿಂದಲೇ ಕ್ಷಮೆ ಕೇಳಿಸಿ, ಗಂಡನ ಕಲ್ಲುಮನಸ್ಸು ಕರಗಿಸಿ, ಮನೆ ತುಂಬ ಬೆಳಕು ಹರಿಸುತ್ತಾನೆ. ಚಿಕ್ಕಮ್ಮ ಓದಿ ಬಿಕ್ಕಿಬಿಕ್ಕಿ ಅತ್ತಳು. ಮುಖ ತೊಳೆದುಕೊಂಡು ಗಂಡನ ಮನೆಗೆ ಹೋದಳು. ಆ ಕಾದಂಬರಿಯನ್ನು ಗಂಡ ಓದಿರಲಿಲ್ಲ. ವಾರ ತುಂಬುವುದರೊಳಗೆ ಅವಳ ಕೈಯನ್ನು ಬಾಗಿಲ ಸಂದಿಗಿಟ್ಟು ಬಾಗಿಲು ಹಾಕಿದ. ಅವನು ಸಾಯುವ ತನಕ ಅವಳು ಅಲ್ಲೇ ಇದ್ದಳು, ಕೊನೆಯ ಅಧ್ಯಾಯ ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾಯುತ್ತ.

ಇದೆಲ್ಲ ನನಗೆ ತಿಳಿದದ್ದು ಈಚೆಗೆ. ಬೆರಳು ಮಿಷನ್ನಿಗೆ ಸಿಕ್ಕಿತ್ತು ಎಂದೇ ಮನೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದರು.

ಹೋದ ವರ್ಷ ನಾನೂ ಒಂದು ಚೀಲ ಹಿಡಿದು ತವರಿಗೆ ಬಂದೆ. ಕೆನ್ನೆಯ ಊತ ಇನ್ನೂ ಇಳಿದಿರಲಿಲ್ಲ. ಅಮ್ಮ ನೋಡಿದಳು, ಅತ್ತಳು, ಐಸ್ ಇಟ್ಟಳು, ಆಮೇಲೆ ಕಪಾಟಿನಿಂದ ಆ ಪುಸ್ತಕ ತೆಗೆದಳು! ಚಿಕ್ಕಮ್ಮ ಪಕ್ಕದಲ್ಲೇ ಕೂತಿದ್ದಳು. ಅವಳ ಮುಖ ಯಾಕೆ ಬಿಳಿಚಿತೋ ನನಗೆ ತಿಳಿಯಲಿಲ್ಲ. ಪುಸ್ತಕವನ್ನು ಅಮ್ಮನ ಕೈಯಿಂದ ತೆಗೆದುಕೊಂಡು, "ಹೊಲಿಗೆ ಬಿಟ್ಟಿದೆ ಅಕ್ಕ, ಹಾಕಿ ಕೊಡ್ತೀನಿ" ಎಂದಳು. ಮರುದಿನ ಗಟ್ಟಿ ದಾರದಲ್ಲಿ ಹೊಲಿದು ತಂದು ಕೊಟ್ಟಳು.

ನಾನು ಬಿಡದೆ ಓದಿದೆ. ಆ ಹೆಂಡತಿ ಬೀದಿಗಿಳಿದ ಸಾಲಿಗೆ ಪುಸ್ತಕ ಮುಗಿಯಿತು.

"ಕೊನೆ ಹೇಗಿದೆ?" ಅಮ್ಮ ಕೇಳಿದಳು.

"ತುಂಬಾ ಚೆನ್ನಾಗಿದೆ ಅಮ್ಮ. ಕಣ್ಣು ತೆರೆಸಿಬಿಡ್ತು."

"ನಂಗೊತ್ತಿತ್ತು! ಧೈರ್ಯ ಬಂತು ತಾನೆ?"

"ಬಂತು. ಇನ್ನು ಹಿಂದೆಮುಂದೆ ನೋಡಲ್ಲ."

ಅಮ್ಮ ಕಣ್ಣೊರೆಸಿಕೊಂಡು ಎದ್ದು ನನ್ನ ಬಟ್ಟೆಯನ್ನು ಚೀಲಕ್ಕೆ ತುಂಬತೊಡಗಿದಳು. ನಾನು ಅದನ್ನು ತೆಗೆದು ಕಪಾಟಿಗೆ ಇಡತೊಡಗಿದೆ. ಸ್ವಲ್ಪ ಹೊತ್ತು ಇಬ್ಬರೂ ಹೀಗೇ ಮಾಡಿದೆವು, ಆಮೇಲೆ ಜಗಳ ಶುರುವಾಯಿತು. "ಅವಳು ವಾಪಸ್ ಹೋದ್ಳಲ್ಲೇ!" ಎಂದು ಅಮ್ಮ, "ಎಲ್ಲಿ ಹೋದ್ಳು?" ಎಂದು ನಾನು. ಅಮ್ಮ ಪುಸ್ತಕ ಕಿತ್ತುಕೊಂಡು ತಿರುವಿ ಹಾಕಿದಳು. ಕೊನೆಯ ಅಧ್ಯಾಯವೇ ಇರಲಿಲ್ಲ.

"ಕತ್ತರಿ!" ಅಮ್ಮ ಹಲ್ಲು ಕಡಿದಳು. "ಅವತ್ತು ನಾನು ಓದು ಅಂದಿದ್ದು ಅವಳ ಒಳ್ಳೇದಕ್ಕೇ. ಬೆರಳು ಮುರಿದದ್ದು ಅವನು, ನಾನಲ್ಲ!"

ಹೀಗೆ, ಸಿಟ್ಟಿನ ಭರದಲ್ಲಿ, ಇಷ್ಟು ವರ್ಷ ಮುಚ್ಚಿಟ್ಟದ್ದೆಲ್ಲ ಹೊರಗೆ ಬಿತ್ತು. ಕೇಳಿ ನನಗೆ ಅಮ್ಮನ ಮೇಲೆ ಕೆಂಡದಂಥ ಕೋಪ ಬಂತು. ಬೀದಿ ದಾಟುವಷ್ಟರಲ್ಲಿ ಚಿಕ್ಕಮ್ಮನ ಮೇಲೂ ಬಂತು.

"ಕೊನೆ ಅಧ್ಯಾಯ ಎಲ್ಲಿ?" ಎಂದು ಅಂಗಡಿಗೆ ನುಗ್ಗಿದೆ.

ಚಿಕ್ಕಮ್ಮ ಮಿಷನ್ ನಿಲ್ಲಿಸದೆ ಗೋಡೆಯ ಮೊಳೆ ತೋರಿಸಿದಳು. ಅಲ್ಲಿ ಅಳತೆಗೆಂದು ಕತ್ತರಿಸಿಟ್ಟ ಕಾಗದಗಳ ಗೊಂಚಲು: ಮಕ್ಕಳ ಕಾಲರು, ಜೇಬು, ತೋಳಿನ ಪಟ್ಟಿ. ಎಲ್ಲದರ ಮೇಲೂ ಅಚ್ಚಿನ ಅಕ್ಷರ. ನಿಂತಲ್ಲೇ ಜೋಡಿಸಿ ಓದಿದೆ. ಹೆಂಡತಿ "ತಪ್ಪೆಲ್ಲ ನನ್ನದೇ" ಎನ್ನುವುದು ಕಾಲರಿನಲ್ಲಿತ್ತು, ಗಂಡ ಕಣ್ಣೀರು ಹಾಕುವುದು ಜೇಬಿನಲ್ಲಿ. ಥೂ ಎನಿಸಿತು.

"ಇದನ್ನೂ ಓದಿದೆ. ಆದ್ರೂ ನಾನು ಹೋಗಲ್ಲ," ಎಂದೆ. "ಆದ್ರೆ ನನ್ನ ಕೇಳದೆ ಯಾಕೆ ಕತ್ತರಿಸಿದೆ? ಅಮ್ಮ ಒಂದು ಕಡೆ ಎಳೀತಾಳೆ, ನೀನು ಇನ್ನೊಂದು ಕಡೆ. ನಾನೇನು ನಿಮ್ಮಿಬ್ಬರ ಕೈಯಲ್ಲಿರೋ ಬಟ್ಟೇನಾ?"

"ನನ್ನ ಕೇಳಿ ಕೊನೆ ಅಧ್ಯಾಯ ಬರೆದಿದ್ನಾ ಅವನು?"

"ಅವನ ಮಾತು ಬಿಡು. ಪೂರ್ತಿ ಓದಿದ್ರೆ ಇವಳು ಬುದ್ಧಿ ಇಲ್ದೆ ಹೋಗಿಬಿಡ್ತಾಳೆ ಅಂದ್ಕೊಂಡ್ಯಾ? ಅಷ್ಟೂ ನಂಬಿಕೆ ಇಲ್ವಾ ನನ್ನ ಮೇಲೆ?"

ಮಿಷನ್ನು ನಿಂತಿತು. ಚಿಕ್ಕಮ್ಮ ಮಡಚದ ಬೆರಳುಗಳಿಂದಲೇ ದಾರ ಹಿಡಿದು ಕತ್ತರಿಸಿದಳು. ಬೀದಿಯನ್ನೇ ನಡುಗಿಸುವ ಬಾಯಿ ಆವತ್ತು ಸಣ್ಣದಾಯಿತು.

"ಬುದ್ಧಿ ನಂಗೂ ಇತ್ತು ಕಣೇ. ನಿನಗಿಂತ ಜಾಸ್ತೀನೇ ಇತ್ತು," ಎಂದಳು. "ಆದ್ರೂ ಹೋದೆನಲ್ಲ."