ಏನೂ ಕೊಟ್ಟಿಲ್ಲವೆಂಬ ಪತ್ರ

ಹಲ್ಲಿನ ಸೆಟ್ಟು ಕಟ್ಟುವ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ದವಡೆಯಕ್ಕ ಎಂದು. ದಂತವೈದ್ಯರು ಕಳಿಸುವ ಅಚ್ಚುಗಳ ಮೇಲೆ ಮೇಣ ಹಚ್ಚಿ ಹಲ್ಲು ಕೂರಿಸುವುದು ಅವಳ ಕೆಲಸ. ಒಂಬತ್ತು ವರ್ಷದಲ್ಲಿ ಎಷ್ಟು ಬೊಚ್ಚುಬಾಯಿಗಳನ್ನು ತುಂಬಿಸಿದ್ದಳೋ! "ಊರಿನ ಬಾಯೆಲ್ಲ ತುಂಬಿಸ್ತೀಯ, ನಿನ್ನ ಬಾಯಿಗೆ ಬೀಳೋದು ಮಾತ್ರ ಅಷ್ಟಕ್ಕಷ್ಟೇ," ಎಂದು ಅಮ್ಮ ಗೊಣಗುತ್ತಿದ್ದಳು. ಆದರೂ ಹೊಟ್ಟೆಬಟ್ಟೆ ಕಟ್ಟಿ ಅವಳು ಒಂದಿಷ್ಟು ಉಳಿಸಿದ್ದಳು. ಪರದೇಶದ ಒಂದು ಕಾಲೇಜಿನಲ್ಲಿ ಕೃತಕ ಕಿವಿ, ಮೂಗು ಮಾಡುವುದನ್ನು ಕಲಿಸುತ್ತಾರೆ, ಅಲ್ಲಿ ಓದಬೇಕು ಎಂಬುದೊಂದೇ ಆಸೆ.

ಅಪ್ಪ ನಿವೃತ್ತ ಹೆಡ್ ಗುಮಾಸ್ತರು. ವಿಷಯ ಕಿವಿಗೆ ಬಿದ್ದ ದಿನವೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ನನ್ನಿಂದ ಒಂದು ಬಿಡಿಗಾಸೂ ಹುಟ್ಟಲ್ಲ. ನಿನ್ನ ದಾರಿ ನಿನಗೆ."

"ಸರಿ ಅಪ್ಪ. ನಾನು ಕೇಳ್ಲೂ ಇಲ್ವಲ್ಲ."

ಕೇಳಲಿಲ್ಲವಲ್ಲ ಎಂಬುದೇ ಅವರನ್ನು ಹೆಚ್ಚು ಚುಚ್ಚಿತು.

ಸೀಟು ಸಿಕ್ಕಿತು. ಫೀಸಿನ ಅರ್ಧದಷ್ಟು ಅವಳ ಕೈಯಲ್ಲಿತ್ತು. ಉಳಿದದ್ದನ್ನು ಕಟ್ಟಲಾಗದವರಿಗೆ ಕಾಲೇಜೇ ರಿಯಾಯಿತಿ ಕೊಡುತ್ತಿತ್ತು. ಆದರೆ ಮೂವತ್ತು ತುಂಬದವರೆಲ್ಲ ಅವರ ಲೆಕ್ಕದಲ್ಲಿ ಹೆತ್ತವರ ಸೆರಗು ಹಿಡಿದವರೇ. ಅವಳಿಗೆ ಇಪ್ಪತ್ತೊಂಬತ್ತು. ಸ್ವಂತ ಕಾಲ ಮೇಲೆ ನಿಂತವಳು ಎನ್ನುವುದಾದರೆ, 'ನಾವು ಇವಳಿಗೆ ಏನೂ ಕೊಟ್ಟಿಲ್ಲ' ಎಂದು ಹೆತ್ತವರು ನೋಟರಿಯ ಮುಂದೆ ರುಜು ಹಾಕಿ, ಪತ್ರವನ್ನು ತಾವೇ ನೇರವಾಗಿ ಕಳಿಸಬೇಕು. ಇದಕ್ಕಿಂತ ಸಲೀಸಾದ ಕಾಗದ ಜಗತ್ತಿನಲ್ಲೇ ಇಲ್ಲ ಎಂದುಕೊಂಡಳು ದವಡೆಯಕ್ಕ.

ಅಷ್ಟರಲ್ಲಿ ಅಪ್ಪ ಬೇರೊಂದು ಕೆಲಸ ಮಾಡಿ ಮುಗಿಸಿದ್ದರು. ಕ್ಷೌರದಂಗಡಿಯಲ್ಲಿ ಕತ್ತು ಬಗ್ಗಿಸಿ ಕೂತಲ್ಲೇ, "ಮಗಳನ್ನ ಪರದೇಶಕ್ಕೆ ಓದೋಕೆ ಕಳಿಸ್ತಾ ಇದೀನಪ್ಪ. ಖರ್ಚು ಜಾಸ್ತಿನೇ. ಏನ್ಮಾಡೋದು, ಹೆತ್ತ ಮೇಲೆ ಮಾಡ್ಬೇಕಲ್ಲ," ಎಂದಿದ್ದರು. ಪಾಪ, ಖರ್ಚಿನ ಮನುಷ್ಯ ಎಂದು ಕ್ಷೌರಿಕ ಗಡ್ಡದ ಕಾಸು ಬಿಟ್ಟುಬಿಟ್ಟ. ಪಿಂಚಣಿದಾರರ ಸಂಘದಲ್ಲಿ ಅವರಿಗೆ ಮುಂದಿನ ಸಾಲಿನ ಕುರ್ಚಿ ಸಿಕ್ಕಿತು.

ಇಂಥ ಸಮಯದಲ್ಲಿ ಮಗಳು ಪತ್ರ ಮುಂದಿಟ್ಟಳು. ಅಪ್ಪ ಗಟ್ಟಿಯಾಗಿ ಓದಿದರು: "'ಯಾವ ರೀತಿಯ ಸಹಾಯವನ್ನೂ ಮಾಡಿಲ್ಲ, ಮುಂದೆ ಮಾಡುವುದೂ ಇಲ್ಲ.' ಇದೇನೇ ಇದು?"

"ನೀವು ಹೇಳಿದ ಮಾತೇ ಅಪ್ಪ."

"ಹೇಳೋದು ಬೇರೆ, ಬರ್ಕೊಡೋದು ಬೇರೆ!"

"ಏಳು ಸಮುದ್ರದಾಚೆ ಹೋಗುತ್ತೆ. ಯಾರು ನೋಡ್ತಾರೆ?"

"ನೋಟರಿ ನೋಡಲ್ವಾ? ನಮ್ಮ ಸಂಘದ ಕಾರ್ಯದರ್ಶಿ ಅಳಿಯ ಅವನು! ಮೂಗು ಮಾಡೋದು ಕಲಿಯೋಕೆ ಹೋಗೋಳು ಮೊದಲು ಅಪ್ಪನ ಮೂಗೇ ಕೊಯ್ತೀಯಾ?"

ಪಂಚಾಯಿತಿಗೆ ಸೋದರಮಾವ ಬಂದ. ಕರೆಯದಿದ್ದರೂ ಬರುವವನೇ. ಪತ್ರ ಓದಿ ಅವನ ಎದೆ ಉಬ್ಬಿತು. "ಇಷ್ಟೇನಾ? ಬೇಕಾದ್ರೆ ನಾನೂ ಏನೂ ಕೊಟ್ಟಿಲ್ಲ ಅಂತ ಬರ್ಕೊಡ್ತೀನಿ ಕಣೆ. ಸೋದರಮಾವ ಅಂತ ಮತ್ಯಾಕೆ ಇರೋದು?"

ಕೊನೆಗೆ ಬಾಯಿಬಿಟ್ಟವಳು ಅಮ್ಮ. "ಕೊಟ್ಟಿದ್ರೆ ಕೊಟ್ಟೆ ಅನ್ನಿ. ಇಲ್ದಿದ್ರೆ ಇಲ್ಲ ಅಂತ ರುಜು ಹಾಕಿ. ಎರಡೂ ಮಾಡಲ್ಲ ಅಂದ್ರೆ ಅವಳೇನು ಮಾಡ್ಬೇಕು?"

ಅಪ್ಪ ಎರಡು ಬಸ್ಸು ಬದಲಿಸಿ, ತಮ್ಮ ಗುರುತಿನವರು ಯಾರೂ ಇಲ್ಲದ ಬಡಾವಣೆಯ ನೋಟರಿಯನ್ನು ಹುಡುಕಿಕೊಂಡು ಹೋದರು. ರುಜುವನ್ನೂ ಹಾಕಿದರು. ಆದರೆ ಮೂವತ್ತೈದು ವರ್ಷ ಕಡತಕ್ಕೆ ಟಿಪ್ಪಣಿ ಬರೆದ ಕೈ ಸುಮ್ಮನಿರಬೇಕಲ್ಲ. ಕೆಳಗೆ ದುಂಡಗಿನ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಸೇರಿಸಿ, ಅಂಟು ಹಚ್ಚಿ ಕಳಿಸಿಬಿಟ್ಟರು: 'ಕೊಡಲು ಶಕ್ತಿಯಿಲ್ಲವೆಂದಲ್ಲ, ಮಗಳು ಸ್ವಾಭಿಮಾನಿಯಾದ್ದರಿಂದ ಕೊಟ್ಟಿಲ್ಲ.'

ಮೂರು ವಾರಕ್ಕೆ ಉತ್ತರ ಬಂತು. ತಂದೆಯವರು ಶಕ್ತರೆಂದು ಅವರೇ ತಿಳಿಸಿರುವುದರಿಂದ ರಿಯಾಯಿತಿ ಸಾಧ್ಯವಿಲ್ಲ, ತಮ್ಮ ಉಜ್ವಲ ಭವಿಷ್ಯಕ್ಕೆ ಶುಭಾಶಯಗಳು.

ದವಡೆಯಕ್ಕ ಅದನ್ನು ಅಪ್ಪನ ಮುಂದೆ ಇಟ್ಟು ನಿಂತಳು. ಅಪ್ಪ ಕನ್ನಡಕ ಒರೆಸಿ ಎರಡು ಸಲ ಓದಿದರು. "ಕರಡು ಚೆನ್ನಾಗಿ ಬರೆದಿದ್ದಾರೆ," ಎಂದರು. ಆಮೇಲೆ ಒಂದು ವಾರ ಕ್ಷೌರದಂಗಡಿಯ ಕಡೆ ತಲೆ ಹಾಕಲಿಲ್ಲ. ಮಗಳು ಹದಿನೈದು ದಿನ ಅವರ ಜೊತೆ ಮಾತಾಡಲಿಲ್ಲ.

ಸೀಟನ್ನು ಒಂದು ವರ್ಷ ಕಾದಿರಿಸಿ ಎಂದು ಅವಳು ಕಾಲೇಜಿಗೆ ಬರೆದಳು. ಅವರು ಒಪ್ಪಿದರು. ಆ ವರ್ಷ ಭಾನುವಾರಗಳನ್ನೂ ಇನ್ನೊಂದು ಲ್ಯಾಬಿಗೆ ಮಾರಿಕೊಂಡಳು. ಮೂವತ್ತು ತುಂಬಿದ ದಿನ ನೆಂಟರೆಲ್ಲ, ಇನ್ನು ಇವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಫೋನಿನಲ್ಲೇ ಲೊಚಗುಟ್ಟಿದರು. ಅವಳು ಮಾತ್ರ ಕಂಪ್ಯೂಟರಿನ ಮುಂದೆ ಕೂತು ರಿಯಾಯಿತಿಗೆ ಹೊಸ ಅರ್ಜಿ ತುಂಬುತ್ತಿದ್ದಳು. ಹೆತ್ತವರ ಪುಟವೇ ಅದರಲ್ಲಿ ತೆರೆದುಕೊಳ್ಳಲಿಲ್ಲ. ಅಪ್ಪ ಅಮ್ಮ ಇಬ್ಬರೂ ಒಂದೇ ರಾತ್ರಿಯಲ್ಲಿ ಕಾಲೇಜಿನ ಪಾಲಿಗೆ ಇಲ್ಲವಾಗಿದ್ದರು. ಒಂಬತ್ತೇ ದಿನದಲ್ಲಿ ರಿಯಾಯಿತಿ ಬಂತು.

ಈಗ ಅವಳು ಅಲ್ಲಿದ್ದಾಳೆ. ನಾಲ್ವರಿಗೆ ಒಂದೇ ಒಲೆಯಿರುವ ನೆಲಮಾಳಿಗೆಯ ಕೋಣೆ. ವಾರಕ್ಕೆ ಇಪ್ಪತ್ತು ಗಂಟೆ ಕಾಲೇಜಿನದೇ ಹಲ್ಲಿನ ಲ್ಯಾಬಿನಲ್ಲಿ ದುಡಿದು ಊಟ, ಬಾಡಿಗೆಯ ಖರ್ಚು ತೂಗಿಸುತ್ತಾಳೆ. ಮೊನ್ನೆ ಒಬ್ಬ ಮುದುಕನ ಎಡಗಿವಿಗೆ ಬಣ್ಣ ಹೊಂದಿಸುತ್ತಿದ್ದಾಗ ಅಪ್ಪನ ಫೋನು ಬಂತು.

"ಫೀಸು ಒಟ್ಟು ಎಷ್ಟು ಅಂತ ಸರಿಯಾಗಿ ಹೇಳಮ್ಮ. ಸಂಘದಲ್ಲಿ ಕೇಳ್ತಾರೆ. ಬಾಯಿಗೆ ಬಂದಿದ್ದು ಹೇಳ್ಕೊಂಡು ಬಂದಿದೀನಿ."

ಅವಳು ಹೇಳಿದಳು.

"ಅಷ್ಟಾ? ನಾನು ಅದರ ಕಾಲು ಭಾಗ ಹೇಳಿದ್ದೆ." ಆಮೇಲೆ ದನಿ ಇಳಿಯಿತು. "ನನ್ನ ಕೈಲಿ ಆಗ್ತಿರ್ಲಿಲ್ಲ ಕಣೆ."

ಅವಳು ಕುಂಚ ಕೆಳಗಿಟ್ಟಳು. "ಗೊತ್ತು ಅಪ್ಪ. ಊಟ ಆಯ್ತಾ?"

"ಆಯ್ತು. ಈಗ ಸಂಘದಲ್ಲಿ ಏನು ಹೇಳ್ಲಿ?"

"ಇದ್ದದ್ದೇ ಹೇಳಿ."

"ನಂಬಲ್ಲ ಅವರು," ಎಂದರು ಅಪ್ಪ. "ಅರ್ಧ ಹೇಳ್ತೀನಿ ಬಿಡು."