ಉಪವಾಸ ಎಂದು ಬರೆದ ಚೀಟಿ

ದಾವಣಗೆರೆಯಲ್ಲಿ ಮಕ್ಕಳ ಹೃದಯದ ಉಚಿತ ಶಸ್ತ್ರಚಿಕಿತ್ಸಾ ಶಿಬಿರ ನಡೆದಾಗ ಚೀಟಿ ಬರೆಯುವ ಕೆಲಸ ಶಾಲಾ ಮೇಷ್ಟ್ರಾದ ನನ್ನದಾಗಿತ್ತು. ಹರಿಹರದ ಐದು ವರ್ಷದ ಹುಡುಗಿಯ ಹೃದಯದ ರಂಧ್ರ ಮುಚ್ಚುವುದು ಕೊನೆಯ ದಿನಕ್ಕೆ ನಿಗದಿಯಾಗಿತ್ತು. ಹೊರಗಿನಿಂದ ಬಂದ ವೈದ್ಯರು ಅಂದೇ ಸಂಜೆ ಹೊರಡುವವರಿದ್ದರು. ಚೀಟಿಯಲ್ಲಿ ‘ಬೆಳಿಗ್ಗೆ ಉಪವಾಸ’ ಎಂದು ನಾನೇ ದುಂಡಗೆ ಬರೆದಿದ್ದೆ.

ಎಂಟಕ್ಕೆ ಸರಿಯಾಗಿ ಅಜ್ಜಿ ಮೊಮ್ಮಗಳನ್ನು ಕರೆತಂದಳು.

‘ಏನೂ ತಿಂದಿಲ್ಲ ತಾನೇ?’

‘ಉಪವಾಸನೇ ಐತ್ರಿ ಮೇಷ್ಟ್ರೇ. ಒಂದ್ ಬಾಳೆಹಣ್ಣು, ಲೋಟ ಹಾಲು, ಅಷ್ಟೇ.’

ಸೋಮವಾರದ ಉಪವಾಸಕ್ಕೆ ನಮ್ಮ ಮನೆಯಲ್ಲೂ ಹಾಲು, ಹಣ್ಣು ನಡೆಯುತ್ತದೆ. ಬರೆಯುವಾಗ ಅದು ಹೊಳೆದಿರಲಿಲ್ಲ. ಹೊಟ್ಟೆ ಖಾಲಿಯಾಗದೆ ಅರಿವಳಿಕೆ ಕೊಡುವಂತಿಲ್ಲ. ವೈದ್ಯರು ಗಡಿಯಾರ ನೋಡಿ, ‘ಕೊನೆಗೆ ಇಟ್ಟುಕೊಳ್ಳೋಣ, ಸಮಯ ಉಳಿದರೆ’ ಎಂದರು.

ನಾನು ಮಗುವಿನ ಪಕ್ಕ ಬಿಟ್ಟು ಏಳಲಿಲ್ಲ. ಒಳಗಿನ ಆಪರೇಷನ್ ಮುಗಿಯುತ್ತಲೇ ಇರಲಿಲ್ಲ.

‘ಒಂದ್ ಗುಟುಕು ಎಳನೀರು ಕೊಡ್ಲೇನ್ರಿ? ಅದೂ ಉಪವಾಸಕ್ಕೆ ನಡಿತೈತಲ್ಲ?’ ಅಜ್ಜಿ ಕೇಳಿದಳು.

‘ಬ್ಯಾಡವ್ವ, ನೀರೂ ಬ್ಯಾಡ. ತಪ್ಪು ನಂದೇ.’

ಮೂರೂವರೆಗೆ ನರ್ಸ್ ಬಾಗಿಲು ತೆರೆದು ಹುಡುಗಿಯ ಹೆಸರು ಕೂಗಿದರು. ‘ಬೆಳಿಗ್ಗೆಯಿಂದ ಹೊಟ್ಟೆಗೆ ಮತ್ತೇನೂ ಕೊಟ್ಟಿಲ್ಲ ತಾನೇ?’

ಅಜ್ಜಿ ನನ್ನತ್ತ ಕೈ ತೋರಿಸಿದಳು. ‘ಈ ಮೇಷ್ಟ್ರು ಬಿಟ್ರೆ ತಾನೇ ಕೊಡೋದು!’