ಬದುವಿನಂಚಿನ ಹಳದಿ ಗೋಧಿ

ಕೆಲಸಕ್ಕೆ ಸೇರಿ ನಾಲ್ಕು ತಿಂಗಳೂ ಆಗಿರಲಿಲ್ಲ, ಒಂದು ಹೊಲದಲ್ಲಿ ನಿಂತು ತಪ್ಪು ಮಾತು ಹೇಳಿ ಬಂದೆ. ಅದು ತಪ್ಪೆಂದು ಗೊತ್ತಾಗಲು ಹನ್ನೆರಡು ದಿನ ಹಿಡಿಯಿತು.

ಕೃಷಿ ಪದವಿ ಮುಗಿಸಿ, ಗೋಕಾಕದಲ್ಲಿ ಖೋಲಿ ಹಿಡಿದು, ಬೀಜದ ಬೆಳೆಗಳನ್ನು ನೋಡಿ ವರದಿ ಬರೆಯುವ ಕೆಲಸ ನನ್ನದಾಗಿತ್ತು. ಮೂಡಲಗಿ ಕಡೆಯ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಅಲ್ಲೊಬ್ಬ ಹಿರಿಯರು ಸುತ್ತಲೂ ಕಬ್ಬಿದ್ದರೂ ಹಟ ಹಿಡಿದವರಂತೆ ಎರಡು ಎಕರೆ ಜವೆಗೋಧಿ ಬೆಳೆಯುತ್ತಿದ್ದರು. ಊರಿಗೆಲ್ಲ ಅವರು ಕಾಕಾ. ಹುಗ್ಗಿಗೆ ಜವೆಗೋಧಿಯೇ ಆಗಬೇಕೆನ್ನುವ ಮನೆಗಳವರು ಬಿತ್ತನೆಗೆ ಅವರ ಹೊಲದ ಕಾಳನ್ನೇ ಒಯ್ಯುತ್ತಿದ್ದರು.

ಬಿತ್ತಿ ಒಂದೂವರೆ ತಿಂಗಳಾಗಿದ್ದಾಗ ಮೊದಲ ಸಲ ಹೋದೆ. ಮೂಡಣ ಬದುವಿನ ಪಕ್ಕ ಹತ್ತು ಹೆಜ್ಜೆ ಅಗಲಕ್ಕೆ ಗೋಧಿ ಹಳದಿಯಾಗಿತ್ತು. ಕಾಕಾ ತೋರಿಸಿ, ಇದೇನೆಂದು ಕೇಳಿದರು. ಅಕ್ಕಪಕ್ಕದ ಹೊಲದವರೂ ನಾಲ್ಕೈದು ಜನ ಸೇರಿದ್ದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಸುಮ್ಮನಿದ್ದರೆ ಈ ಹುಡುಗಿಗೆ ಏನೂ ಬರುವುದಿಲ್ಲ ಅಂದಾರು ಎಂದು, ಸತುವಿನ ಕೊರತೆ, ಜೊತೆಗೆ ಯೂರಿಯಾ ಸಾಲದು ಅಂದುಬಿಟ್ಟೆ. ಚೀಟಿಯಲ್ಲಿ ಬರೆದೂ ಕೊಟ್ಟೆ. ಕಾಕಾ ಅದನ್ನು ಜೋಪಾನವಾಗಿ ಮಡಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು.

ಮುಂದಿನದರ ಮುಂದಿನ ಭಾನುವಾರ ಊರಿಗೆ ಹೋಗಿದ್ದೆ. ನಮ್ಮದು ಹುಕ್ಕೇರಿ ತಾಲೂಕು, ಯಮಕನಮರಡಿಯ ಹತ್ತಿರದ ಹಳ್ಳಿ. ಅವ್ವ ಮೂವತ್ತು ವರ್ಷದಿಂದ ಪರರ ಹೊಲದಲ್ಲಿ ಕಳೆ ತೆಗೆದು ನನ್ನನ್ನು ಓದಿಸಿದವಳು. ಮೊಬೈಲಿನಲ್ಲಿದ್ದ ಹೊಲದ ಚಿತ್ರವನ್ನು ಅವಳಿಗೆ ಸುಮ್ಮನೆ ತೋರಿಸಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನೋಡಿದಳು.

“ಗೊಬ್ಬರ ಕಡಿಮಿ ಆದ್ರ ಹೊಲಾ ಪೂರಾ ಹಳದಿ ಆಗತೈತಿ. ಇದು ಬದುವಿನ ಬಾಜೂ ಅಷ್ಟ ಯಾಕ ಆಗೇತಿ?” ಅಂದಳು. “ಬದುವಿನ ಮ್ಯಾಲಿನ ಹುಲ್ಲು ನೋಡಿದೇನು?”

ನಾನು ನೋಡಿರಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಹುಲ್ಲಿನಿಂದ ಗೋಧಿಗೆ ಹೊತ್ತು ತರುವ ನಂಜು, ಅಂದರೆ ವೈರಸ್ ರೋಗವೊಂದನ್ನು ಕಾಲೇಜಿನಲ್ಲಿ ಒಂದೇ ಪುಟದಲ್ಲಿ ಓದಿದ್ದೆ. ಅದು ಹೊರದೇಶದ ರೋಗ, ನೀವು ನೋಡುವುದಿಲ್ಲ ಎಂದು ಹೇಳಿ ಪಾಠ ಮುಗಿಸಿದ್ದರು.

ಮರುದಿನ ಬೆಳಿಗ್ಗೆ ಹುಕ್ಕೇರಿ, ಗೋಕಾಕ ಎರಡೂ ಕಡೆ ಬಸ್ಸು ಬದಲಿಸಿ ಕಾಕಾನ ಹೊಲಕ್ಕೆ ಹೋದೆ. ಹತ್ತು ಹೆಜ್ಜೆಯಿದ್ದ ಹಳದಿ ಮೂವತ್ತು ಹೆಜ್ಜೆ ಒಳಗೆ ಬಂದಿತ್ತು. ಎಲೆಯ ಮೇಲೆ ತುಂಡು ತುಂಡಾದ ಹಳದಿ ಗೆರೆಗಳು. ಅಂಚುಗಳು ಕೊಳವೆಯಂತೆ ಸುರುಳಿ ಸುತ್ತಿ, ಹೊಸ ಎಲೆಯ ತುದಿ ಅದರೊಳಗೆ ಸಿಕ್ಕಿಕೊಂಡು ಬಾಗಿತ್ತು. ಒಂದು ಸುರುಳಿ ಬಿಚ್ಚಿ ಭೂತಗನ್ನಡಿ ಹಿಡಿದೆ. ಏನೂ ಕಾಣಲಿಲ್ಲ. ಉಸಿರು ಬಿಗಿಹಿಡಿದು ಬೆಳಕಿಗೆ ತಿರುಗಿಸಿದಾಗ, ದಾರದ ತುಣುಕಿನಂಥ ಬಿಳಿಯ ಚೂರುಗಳು ನಿಧಾನವಾಗಿ ಹರಿದಾಡುತ್ತಿದ್ದವು.

ಬದುವಿನ ಮೇಲೆ ಮಂಡಿಯೆತ್ತರ ಹುಲ್ಲಿತ್ತು. ಹೋದ ವರ್ಷದ ರಾಶಿಯಲ್ಲಿ ಸಿಡಿದ ಕಾಳು ಮಳೆಗೆ ಹುಟ್ಟಿ, ಆ ಹುಲ್ಲಿನ ನಡುವೆ ಗೋಧಿಯಾಗಿಯೇ ನಿಂತಿತ್ತು. ಕಾಕಾನ ಹೆಂಡತಿ ಎಮ್ಮೆಗೆ ದಿನಾ ಅಲ್ಲಿಂದಲೇ ಮೇವು ಕೊಯ್ಯುತ್ತಿದ್ದರಂತೆ. ಆ ಹುಟ್ಟುಗೋಧಿಯ ಎಲೆಗಳಲ್ಲೂ ಅದೇ ಗೆರೆ, ಅದೇ ಸುರುಳಿ.

ಅಷ್ಟರಲ್ಲಿ ಕಾಕಾ ಬಂದರು. ಹಿಂದೆ ಪಕ್ಕದ ಹೊಲದವನೂ ಇದ್ದ.

“ಕಾಕಾ, ಅವತ್ತು ನಾ ಹೇಳಿದ್ದು ತಪ್ಪಾಗೇತ್ರಿ. ಇದು ಗೊಬ್ಬರದ ಕೊರತಿ ಅಲ್ರಿ.”

ಪಕ್ಕದ ಹೊಲದವನು ನಕ್ಕು, ಇವತ್ತು ಇದು, ನಾಳೆ ಇನ್ನೇನೋ ಎಂದ. ಕಾಕಾ ನಗಲಿಲ್ಲ. ಔಷಧ ಏನೆಂದು ಕೇಳಿದರು. ಇಲ್ಲವೆಂದೆ. ಹಳದಿಯಾದದ್ದನ್ನಷ್ಟೇ ಅಲ್ಲ, ಅದರಾಚೆ ಹತ್ತು ಹೆಜ್ಜೆ ಹಸಿರಾಗಿರುವುದನ್ನೂ ಕಿತ್ತು ಅದೇ ದಿನ ಹೂಳಬೇಕು, ಬದುವನ್ನೂ ಬಿಡಬಾರದು ಎಂದೆ. ಕಿತ್ತದ್ದು ಬಾಡಲು ಬಿಟ್ಟರೆ ನುಸಿ ಗಾಳಿ ಹಿಡಿದು ಮುಂದಿನ ಗಿಡಕ್ಕೆ ಹೋಗುತ್ತದೆ ಎಂದೂ ಹೇಳಿದೆ.

“ಖಾತ್ರಿ ಐತೇನು?”

“ಇಲ್ರಿ. ಎಲಿ ಪರೀಕ್ಷಾಕ ಕಳಸ್ತೇನಿ. ಆದ್ರ ಉತ್ತರ ಬರೂತನಾ ಕಾಯ್ದ್ರ ಹೊಲ ಉಳಿಯೂದಿಲ್ಲ ಅಂತ ಅನಸ್ತೈತ್ರಿ.”

“ಅವತ್ತ ಖಾತ್ರಿ ಇದ್ದಾಂಗ ಹೇಳಿದ್ದಿ.”

“ಹೌದ್ರಿ. ಗೊತ್ತಿಲ್ಲ ಅನ್ನಾಕ ನಾಚಿಕಿ ಆತ್ರಿ.”

ಅವರು ಹಳದಿಯ ಅಂಚಿನಿಂದ ಹಸಿರಿನೊಳಕ್ಕೆ ಹತ್ತು ಹೆಜ್ಜೆ ಎಣಿಸುತ್ತ ನಡೆದರು. ಬಯ್ದಿದ್ದರೆ ಹಗುರಾಗುತ್ತಿತ್ತೇನೋ. ಕೊನೆಗೆ, ನಾಳೆ ಗಾಳಿ ಏಳುವ ಮೊದಲು ಬಾ ಎಂದು ಹೇಳಿ ಹೊರಟುಹೋದರು.

ಮರುದಿನ ನಸುಕಿನಲ್ಲಿ ಕಾಕಾ, ಅವರ ಹೆಂಡತಿ, ಕೂಲಿಗೆ ಬಂದ ಇಬ್ಬರು ಹೆಂಗಸರು ಮತ್ತು ನಾನು ಸಾಲು ಹಿಡಿದೆವು. ಗೋಧಿಯನ್ನು ಬೇರು ಸಮೇತ ಕಿತ್ತು ಹಸಿ ಚೀಲಕ್ಕೆ ತುಂಬಿ, ಹೊಲದ ಮೂಲೆಯಲ್ಲಿ ತೋಡಿದ ತಗ್ಗಿಗೆ ಸುರಿಯುವುದು. ಹಳದಿ ಗಿಡಗಳನ್ನು ಕೀಳುವಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಹಸಿರಿಗೆ ಬಂದಾಗ ಕೈಗಳು ನಿಧಾನವಾದವು. ಕಾಕಾನ ಹೆಂಡತಿ ಒಂದು ಗಿಡವನ್ನು ಸೀಳಿ, ಒಳಗೆ ಆಗಷ್ಟೇ ಮೂಡುತ್ತಿದ್ದ ತೆನೆಯನ್ನು ನನ್ನ ಮುಂದೆ ಹಿಡಿದರು.

“ಇದಕ್ಕೇನಾಗೇತಿ, ಹೇಳು.”

ನಾನು ತಲೆ ತಗ್ಗಿಸಿ ಪಕ್ಕದ ಗಿಡಕ್ಕೆ ಕೈ ಹಾಕಿದೆ. ಸ್ವಲ್ಪ ಹೊತ್ತಿಗೆ ಅವರೂ ಬಾಗಿದರು.

ಬಿಸಿಲೇರಿ ಮೂಡಗಾಳಿ ಬೀಸತೊಡಗಿದಾಗ ಬದುವಿನ ಅರ್ಧ ಇನ್ನೂ ಉಳಿದಿತ್ತು. ಕಾಕಾ ಗುದ್ದಲಿ ಹಿಡಿದು ಬದುವನ್ನು ಕೆತ್ತುತ್ತ ಹೋದರು. ಕೊನೆಯ ಚೀಲದ ಮೇಲೆ ಮಣ್ಣು ಬಿದ್ದಾಗ ನನ್ನ ಅಂಗೈ ಸುಲಿದಿತ್ತು.

ಆಮೇಲೆ ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಸಾಲು ಸಾಲು ನೋಡುತ್ತಿದ್ದೆ. ನಾಲ್ಕನೆಯ ದಿನ ಎರಡು ಹಳದಿ ಗಿಡ ಸಿಕ್ಕವು, ಕಿತ್ತು ಹೂತೆ. ಒಂಬತ್ತನೆಯ ದಿನ ಮೂರು, ಅದೂ ಹೊಲದ ನಡುಮಧ್ಯದಲ್ಲಿ. ಆ ರಾತ್ರಿ ಎಲ್ಲ ಮುಗಿಯಿತೆಂದೇ ಅಂದುಕೊಂಡೆ. ಆದರೆ ಆಮೇಲೆ ಒಂದೂ ಕಾಣಲಿಲ್ಲ. ಎಂಟು ದಿನ ಕಳೆದ ಮೇಲೆ ಕಾಕಾ, ಇನ್ನು ದಿನಾ ಬರಬೇಡ, ಬೇರೆ ಹೊಲಗಳೂ ಇರುತ್ತವಲ್ಲ ಅಂದರು.

ಕೊಯ್ಲಿನ ಹೊತ್ತಿಗೆ ಪರೀಕ್ಷೆಯ ಉತ್ತರ ಬಂತು. ನುಸಿ ಇರುವುದು ನಿಜ, ನಂಜಿನ ಲಕ್ಷಣವಿದೆ, ಯಾವ ನಂಜೆಂದು ಹೇಳಲಾಗದು ಎಂದಿತ್ತು. ಕಿತ್ತದ್ದರಿಂದ ಹೊಲ ಉಳಿಯಿತೋ, ತಾನಾಗಿಯೇ ಉಳಿಯಿತೋ ನನಗೆ ಇಂದಿಗೂ ಗೊತ್ತಿಲ್ಲ. ಮೂರರಲ್ಲೊಂದು ಪಾಲು ಬೆಳೆ ಹೋಗಿತ್ತು, ಆದರೆ ಬಿತ್ತನೆಗೆ ಸಾಕಾಗುವಷ್ಟು ಗಟ್ಟಿಕಾಳು ಸಿಕ್ಕಿತು. ಒಯ್ಯಲು ಬಂದವರಿಗೆಲ್ಲ ಕಾಕಾ, ಬಿತ್ತುವ ಮೊದಲು ಹುಟ್ಟುಗೋಧಿಯನ್ನು ಹರಗಿ ನುಸಿಗೆ ತಿನ್ನಲು ಏನೂ ಸಿಗದಂತೆ ಹದಿನೈದು ದಿನ ಹೊಲ ಬರಿದಾಗಿ ಬಿಡಿ ಎಂದು ತಾವೇ ಹೇಳಿ ಕಳಿಸಿದರು.

ಮರುವರ್ಷ ಬಿತ್ತನೆಗೆ ಮುಂಚೆ ಹೋದಾಗ ಬದುವಿನ ಮೇಲೆ ಒಂದು ಕಡ್ಡಿ ಹುಲ್ಲಿರಲಿಲ್ಲ. ಕಾಕಾನ ಹೆಂಡತಿ ಈಗ ಎಮ್ಮೆಗೆ ಮೇವನ್ನು ಕಾಲುವೆಯ ಆಚೆಯಿಂದ ತರುತ್ತಿದ್ದರು. ದಾರಿಯಲ್ಲಿ ಸಿಕ್ಕಾಗ ಎರಡು ಹೊರೆಗಳನ್ನು ಕೆಳಗಿಳಿಸಿ ಸೊಂಟ ನೇರ ಮಾಡಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ನಗಲಿಲ್ಲ. ಒಂದು ಹೊರೆಯನ್ನು ನಾನು ತಲೆಯ ಮೇಲಿಟ್ಟುಕೊಂಡೆ. ಬೇಡವೆನ್ನಲಿಲ್ಲ. ಇನ್ನೊಂದನ್ನು ತಾವು ಹೊತ್ತು ಮನೆಯ ಕಡೆ ಮುಂದೆ ನಡೆದರು.